ಮಾವನವರ ಜೀಪು ಕೆಮ್ಮಿದ್ದು

ಕೆಮ್ಮಿನಲ್ಲೇ ಮಾತಾಡುವವರ ಮನೆಯಲ್ಲಿ ಬಾಳುವುದು ಸುಲಭವಲ್ಲ. ಬೈಯುವವರಾದರೆ ತಿರುಗಿ ಬೈಯಬಹುದು. ಅಷ್ಟು ಧೈರ್ಯ ಇಲ್ಲದಿದ್ದರೆ ಎದ್ದು ಜಗಲಿಗೆ ಹೋಗಿ ಚಪ್ಪಲಿ ಹುಡುಕುವ ನಾಟಕವಾಡಬಹುದು. ಕೆಮ್ಮಿಗೆ ಏನೆಂದು ಉತ್ತರ ಕೊಡುತ್ತೀರಿ? ಯಾಕೆ ಕೆಮ್ಮಿದಿರಿ ಎಂದು ಕೇಳಿದರೆ ಗಂಟಲು ಕೆರೆಯಿತು ಎಂದುಬಿಡುತ್ತಾರೆ, ಕೇಳಿದ ನೀವೇ ಪೆದ್ದರಾಗುತ್ತೀರಿ. ನನ್ನ ಮಾವ ಗುರುಮಲ್ಲಪ್ಪನವರು ಇಪ್ಪತ್ತು ವರ್ಷ ನನ್ನೊಡನೆ ಹೆಚ್ಚುಕಡಿಮೆ ಕೆಮ್ಮಿನಲ್ಲೇ ವ್ಯವಹರಿಸಿದರು. ನಾನು ಯಳಂದೂರಿನವನು. ಹನೂರಿನ ಅವರ ಒಬ್ಬಳೇ ಮಗಳು ಮಂಗಳಳನ್ನು ಮದುವೆಯಾಗಿ, ಅವರ ಮನೆಯಲ್ಲೇ ಉಳಿದುಕೊಂಡೆ. ಮನೆ ಅಳಿಯ ಎಂದು ಊರು ಕರೆಯಿತು. ಪಾಠ ಮಾಡುವ ಸ್ಕೂಲಿಗೆ ಹತ್ತಿರವಾಗುತ್ತದೆ ಎಂದು ಉಳಿದುಕೊಂಡವನು ಎಂದು ನಾನು ಹೇಳಿಕೊಂಡೆ. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ, ಎರಡೂ ಒಂದೇ. ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟು ಬಂದೆ ಎಂದು ನಾನು ಹೇಳಿದರೆ, ನಿಜವಾಗಿ ಬಿಟ್ಟಿದ್ದರೆ ಅವರು ಸುಮ್ಮನಿರುತ್ತಿದ್ದರು. ಬಿಟ್ಟಿರದಿದ್ದರೆ ಒಳಮನೆಯಿಂದ ಕೆಮ್ಮು ಕೇಳುತ್ತಿತ್ತು. ಗಿಡ್ಡದಾಗಿ ಎರಡು, ಒಂಚೂರು ಬಿಡುವು, ಆಮೇಲೆ ಉದ್ದನೆಯದೊಂದು. ಅವರಿಗೆ ಹೇಗೆ ತಿಳಿಯುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸುಳ್ಳು ಹೇಳಿದಾಗಲೆಲ್ಲ ಆ ಕೆಮ್ಮು ತಪ್ಪದೆ ಬಂದಿದೆ, ಮತ್ತು ನಾನು ಸಾಕಷ್ಟು ಸುಳ್ಳು ಹೇಳಿದ್ದೇನೆ.

ಅವರು ತೀರಿಕೊಂಡು ಎರಡನೇ ವರ್ಷ ನಡೆಯುತ್ತಿದೆ. ಕೆಮ್ಮು ನಿಂತಿತು ಎಂದು ನಾನು ಸಮಾಧಾನಪಟ್ಟೆನೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಇದನ್ನು ಬರೆಯುವಾಗಲೂ ಒಮ್ಮೆ ಹಿಂದಿರುಗಿ ನೋಡಿದೆ.

ಮಾವನವರು ಬಿಟ್ಟುಹೋದ ವಸ್ತುಗಳಲ್ಲಿ ಮುಖ್ಯವಾದದ್ದು ಒಂದು ಮಿಲಿಟರಿ ಜೀಪು. ಸೈನ್ಯಕ್ಕೆ ಬೇಡವಾದ ಗಾಡಿಗಳನ್ನು ಹರಾಜು ಹಾಕುವಾಗ ತಂದದ್ದಂತೆ. ನಾನು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ಅದು ಇತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದು, ಒಳಗಿನ ಹಳೆಯ ಹಸಿರು, ಅದರೊಳಗಿನ ಇನ್ನೂ ಹಳೆಯ ಮಣ್ಣುಬಣ್ಣ ಕಾಣುತ್ತವೆ. ಬಾನೆಟ್ಟಿನ ಪಕ್ಕದಲ್ಲಿ ಬಿಳಿ ಅಂಕಿಗಳ ನೆರಳು ಉಳಿದಿದೆ. ಯಾವ ಗಡಿಯಲ್ಲಿ ಓಡಿತ್ತೋ, ಯಾರನ್ನು ಹೊತ್ತಿತ್ತೋ, ಯಾರನ್ನು ಎಲ್ಲಿ ಇಳಿಸಿ ಬಂದಿತ್ತೋ ಯಾರಿಗೂ ತಿಳಿಯದು. ನಮ್ಮ ಮನೆಯಲ್ಲಿ ಅದು ಹೊತ್ತದ್ದು ರೇಷ್ಮೆ ಗೂಡು. ವಾರಕ್ಕೊಮ್ಮೆ ಗೂಡಿನ ಚೀಲಗಳನ್ನು ತುಂಬಿಕೊಂಡು ಮಾವನವರು ಕೊಳ್ಳೇಗಾಲದ ಮಾರುಕಟ್ಟೆಗೆ ಹೊರಟರೆ ದಂಡು ಹೊರಟ ಹಾಗಿರುತ್ತಿತ್ತು. ರಿಪೇರಿಯನ್ನೂ ಬಹುಪಾಲು ಅವರೇ ಮಾಡುತ್ತಿದ್ದರು. ಹಾಗೆ ಮಾಡುವಾಗಲೇ ಒಮ್ಮೆ ತಿರುಗುತ್ತಿದ್ದ ಫ್ಯಾನಿಗೆ ಬಲಗೈಯ ನಡುಬೆರಳು ಸಿಕ್ಕಿ ಅರ್ಧ ಹೋಯಿತು. ಅದರ ಬಗ್ಗೆ ಅವರಿಗೆ ದುಃಖವಿರಲಿಲ್ಲ. ಗಾಡಿ ತನ್ನ ಕಾಣಿಕೆ ತೆಗೆದುಕೊಂಡಿದೆ, ಇನ್ನು ಮನೆಯವರ ತಂಟೆಗೆ ಬರುವುದಿಲ್ಲ ಎನ್ನುತ್ತಿದ್ದರು. ಅಂದಿನಿಂದ ಅವರ ಹಣೆಯ ವಿಭೂತಿ ಬದಲಾಯಿತು. ಎಲ್ಲರಿಗೂ ಮೂರು ಗೆರೆ. ಅವರಿಗೆ ಮೇಲೊಂದು, ಕೆಳಗೊಂದು, ನಡುವೆ ಖಾಲಿ. ನಡುಮನೆಯ ಗೋಡೆಯಲ್ಲಿರುವ ಅವರ ಫೋಟೋದಲ್ಲೂ ಹಾಗೆಯೇ ಇದೆ. ಆ ಖಾಲಿ ಜಾಗದಿಂದಲೇ ಅವರು ನನ್ನನ್ನು ನೋಡುತ್ತಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪ್ರತಿ ಕಾರ್ತಿಕದ ಮೊದಲ ಸೋಮವಾರ ಅವರು ನನ್ನ ಅತ್ತೆ ಚೆನ್ನಾಜಮ್ಮನವರನ್ನು ಈ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಿಬರುತ್ತಿದ್ದರು. ಅದು ಹರಕೆ. ಕೊನೆಯ ವರ್ಷ ಮಾತ್ರ ಆಯುಧಪೂಜೆ ಮುಗಿಸಿದವರು ಕಾರ್ತಿಕಕ್ಕೆ ಮೊದಲೇ ಹಾಸಿಗೆ ಹಿಡಿದರು, ಮಾಘದಲ್ಲಿ ಹೊರಟುಹೋದರು. ಹರಕೆ ಉಳಿದುಬಿಟ್ಟಿತು. ಜೀಪು ಖಾಲಿ ಬಿದ್ದಿದ್ದ ಹುಳು ಸಾಕುವ ಮನೆಯೊಳಗೆ ಟಾರ್ಪಾಲಿನ ಕೆಳಗೆ ನಿಂತಿತು. ವರ್ಷ ಕಳೆದ ಮೇಲೆ, ಈ ಆಷಾಢದಲ್ಲಿ, ಅತ್ತೆ ನನ್ನನ್ನು ಕರೆದು ಈ ಕಾರ್ತಿಕಕ್ಕೆ ತಾವು ಬೆಟ್ಟಕ್ಕೆ ಹೋಗಬೇಕು ಎಂದರು. ಬಾಡಿಗೆ ಕಾರು ಮಾಡೋಣ ಎಂದೆ. ಬಸ್ಸಿದೆಯಲ್ಲ ಎಂದೆ. ಅವರು ಎಂಬತ್ತರ ಹತ್ತಿರದವರು. ಬೆರಳುಗಳೆಲ್ಲ ವಾತಕ್ಕೆ ಸೊಟ್ಟಗಾಗಿವೆ, ಮಂಡಿ ಮಡಿಸಲಾಗದು. ಆದರೂ ನಾಲಿಗೆ ನೆಟ್ಟಗಿದೆ.

"ಅವ್ರ ಗಾಡೀಲೇ ಓಗ್ಬೇಕು ಅಳಿಯಂದ್ರೇ. ಇಲ್ದಿದ್ರೆ ಅವ್ರಿಗೆ ದಾರಿ ತೀರಾದಿಲ್ಲ" ಎಂದರು.

ಯಾರ ದಾರಿ, ಎಲ್ಲಿಯ ದಾರಿ ಎಂದು ನಾನು ಕೇಳಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ದೆವ್ವ ಇಲ್ಲ, ಪೀಡೆ ಇಲ್ಲ, ಗ್ರಹಣದಲ್ಲಿ ಊಟ ಮಾಡಬಹುದು ಎಂದು ಮಕ್ಕಳ ಎದುರು ಬಿಸ್ಕತ್ತು ತಿಂದು ತೋರಿಸಿದವನು. ಆ ರಾತ್ರಿ ಹೊಟ್ಟೆ ಕೆಟ್ಟದ್ದು ಬೇರೆ ವಿಷಯ.

ಜೀಪು ತೆಗೆಯುವ ದಿನ ಬೆಳಗ್ಗೆ ಸೋನೆ ಹಿಡಿದಿತ್ತು. ಹುಳು ಮನೆಗೆ ಕಿಟಕಿ ಕಡಿಮೆ, ಇರುವುದಕ್ಕೂ ಕಪ್ಪು ಬಟ್ಟೆ. ಹುಳುಗಳಿಗೆ ಬೆಳಕು ಆಗದೆಂದು ಮಾವನವರು ಕಟ್ಟಿದ್ದು ಹಾಗೆಯೇ ಇತ್ತು. ಹಗಲು ಹೊತ್ತಿನಲ್ಲೂ ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಟಾರ್ಪಾಲು ಎಳೆದು, ಕಬ್ಬಿಣದ ಬಾನೆಟ್ಟನ್ನು ಎರಡು ಕೈಯಲ್ಲಿ ಎತ್ತಿ ನಿಲ್ಲಿಸಿದೆ. ಎಂಜಿನ್ನಿನ ಪಕ್ಕದಲ್ಲಿ ಕರಿಯ ಟೋಪಿಯಂಥದ್ದೊಂದು ಇರುತ್ತದೆ. ನಾಲ್ಕು ಪ್ಲಗ್ಗಿಗೂ ಸರದಿಯಂತೆ ಕಿಡಿ ಹಂಚುವ ಪೆಟ್ಟಿಗೆಯ ಮುಚ್ಚಳ ಅದು. ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಡೆಲ್ಕೋ ಕ್ಯಾಪು. ಆಯುಧಪೂಜೆಯ ದಿನ ಮಾವನವರು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಸ್ಟೀರಿಂಗಿಗೂ ಚಕ್ರಕ್ಕೂ ಹಚ್ಚಿ, ಕೊನೆಗೆ ಈ ಕ್ಯಾಪಿಗೆ ಹಚ್ಚುತ್ತಿದ್ದರು. ಗಾಡಿಗೆ ಇದೇ ಹಣೆ ಎನ್ನುತ್ತಿದ್ದರು. ಆ ಕತ್ತಲಲ್ಲಿ ನನಗೆ ಮೊದಲು ಕಂಡದ್ದು ಅದೇ. ಕರಿಯ ಕ್ಯಾಪಿನ ಮೇಲೆ ಬೆಳ್ಳಗೆ ಎರಡು ಗೆರೆ, ನಡುವೆ ಖಾಲಿ. ನಾನು ಬಾನೆಟ್ಟು ಮುಚ್ಚಿ, ಹೊರಗೆ ಬಂದು, ಕಾಫಿ ಕುಡಿದು, ಮತ್ತೆ ಹೋದೆ.

ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಒಂದೆರಡು ಸಲ ಗೊಣಗಿ ಹತ್ತಿಕೊಂಡಿತು. ಅತ್ತೆ ಹೊಸ್ತಿಲ ಬಳಿ ಕಾಫಿ ಲೋಟ ಹಿಡಿದು ಕೂತಿದ್ದರು. ರೇಡಿಯೇಟರಿಗೆ ನೀರು ನೋಡಿದ್ರಾ ಎಂದು ಕೇಳಿದರು. ನೋಡಿರಲಿಲ್ಲ. ನೋಡಿದೆ ಅತ್ತೆ ಎಂದೆ. ಎಂಜಿನ್ನು ಕೆಮ್ಮಿತು. ಗಿಡ್ಡದಾಗಿ ಎರಡು, ಒಂಚೂರು ಬಿಡುವು, ಆಮೇಲೆ ಉದ್ದನೆಯದೊಂದು. ಅತ್ತೆ ಲೋಟ ಕೆಳಗಿಟ್ಟರು, ಸೆರಗು ಸರಿಮಾಡಿಕೊಂಡರು. ಮನೆಯ ಯಜಮಾನರು ಒಳಗೆ ಬಂದಾಗ ಮಾಡುವಂತೆ. ನಾನು ಇಳಿದು ಹೋಗಿ ನೀರು ನೋಡಿದೆ. ಅರ್ಧಕ್ಕೂ ಕಡಿಮೆ ಇತ್ತು.

ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ನಾಲ್ಕರಲ್ಲಿ ಒಂದು ಸಿಲಿಂಡರು ತನ್ನ ಸರದಿಯಲ್ಲಿ ಹೊತ್ತಿಕೊಳ್ಳದೆ ತಪ್ಪಿಸಿಕೊಳ್ಳುವುದು. ಸೋಮವಾರ ಬೆಳಗ್ಗೆಯ ಪ್ರಾರ್ಥನೆಗೆ ನಾನು ಮಾಡುವ ಹಾಗೆ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಆದರೆ ಮಾರನೇ ವಾರ ನಮ್ಮ ಹೆಡ್‌ಮಾಸ್ತರರು ಹನೂರಿನಿಂದ ಸ್ಕೂಲಿನವರೆಗೆ ಜೀಪಿನಲ್ಲಿ ಬಂದರು. ದಾರಿಯಲ್ಲಿ ಪೇಪರ್ ತಿದ್ದಿ ಆಯಿತೇ ಎಂದು ಕೇಳಿದರು. ಆಯಿತು ಸರ್ ಎಂದೆ. ಜೀಪು ಕೆಮ್ಮಿತು. ಗಾಡಿಗೆ ಏನೋ ಆಗಿದೆ ಅಲ್ಲವೇ ಎಂದರು. ಪೆಟ್ರೋಲಿನಲ್ಲಿ ಕಸ ಎಂದೆ. ಮತ್ತೂ ಜೋರಾಗಿ ಕೆಮ್ಮಿತು. ಇದಕ್ಕೂ ನನ್ನಲ್ಲಿ ವಿವರಣೆ ಇತ್ತು. ಪ್ರಶ್ನೆ ಕೇಳಿದವರತ್ತ ತಿರುಗುವಾಗ ಕಾಲು ಆಕ್ಸಿಲರೇಟರಿನಿಂದ ಏಳುತ್ತದೆ, ಎಂಜಿನ್ನು ನಿಧಾನವಾಗುತ್ತದೆ, ನಿಧಾನವಾದಾಗ ಮಿಸ್ಸಿಂಗು ಎದ್ದು ಕೇಳುತ್ತದೆ. ನಿಜ ಹೇಳುವಾಗಲೂ ಕಾಲು ಏಳುವುದಿಲ್ಲವೇ, ಆಗ ಯಾಕೆ ಕೆಮ್ಮುವುದಿಲ್ಲ ಎಂಬ ಉಪಪ್ರಶ್ನೆಯನ್ನು ಸಿಲೆಬಸ್ಸಿನ ಹೊರಗಿನದು ಎಂದು ಬಿಟ್ಟುಬಿಟ್ಟೆ.

ಕೊಳ್ಳೇಗಾಲದಲ್ಲಿ ಹಳೆ ಜೀಪುಗಳ ಕೆಲಸ ಬಲ್ಲ ಮಹದೇವ ಎಂಬ ಮೆಕ್ಯಾನಿಕ್ಕು ಇದ್ದಾನೆ. ಅವನ ಬಳಿಗೆ ಒಯ್ದೆ. ಅವನು ಪ್ಲಗ್ಗು ಬಿಚ್ಚಿ ಉಜ್ಜಿದ, ಪಾಯಿಂಟಿನ ಸಂದಿಗೆ ಬ್ಲೇಡು ತೂರಿಸಿ ಅಳತೆ ಹಿಡಿದ, ಕಾರ್ಬ್ಯುರೇಟರಿನ ಕಣ್ಣುಗಳನ್ನು ಬಾಯಲ್ಲಿ ಊದಿದ, ಕಾಯಿಲು ಬದಲಿಸಿ ನೋಡಿದ. ಡೆಲ್ಕೋ ಬಿಚ್ಚುವಾಗ ಮಾತ್ರ ಕೈ ತೊಳೆದು ಬಂದ. ವಿಭೂತಿ ಹಚ್ಚಿದ ಕ್ಯಾಪನ್ನು ಅಂಚು ಹಿಡಿದು ಎತ್ತಿ, ಒಗೆದ ಟವೆಲ್ಲಿನ ಮೇಲೆ ಮೇಲುಮುಖವಾಗಿ ಇಟ್ಟು, ಕೆಲಸ ಮುಗಿದ ಮೇಲೆ ಹಾಗೆಯೇ ಎತ್ತಿ ಕೂರಿಸಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ನನಗೆ ಅದು ಸರಿಯಾಗಿಯೇ ಕಂಡಿತು. ದೇವರ ವಿಭೂತಿಗೆ ಗ್ರೀಸಿನ ಕೈ ತಾಗಬಾರದಲ್ಲ. ಆಮೇಲೆ ಯಾವ ಸಿಲಿಂಡರು ತಪ್ಪಿಸಿಕೊಳ್ಳುತ್ತಿದೆ ಎಂದು ನೋಡಲು ಓಡುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದ. ಎಳೆದರೂ ಸದ್ದು ಬದಲಾಗದಿದ್ದರೆ ಅದು ಮೊದಲೇ ಸತ್ತ ಸಿಲಿಂಡರು. ಅವತ್ತು ಎರಡನೆಯದು ಸತ್ತಿತ್ತು. ಅದರ ಪ್ಲಗ್ಗು, ವೈರು ಎರಡೂ ಹೊಸದಾಗಿ ಹಾಕಿದ. ಮರುವಾರ ಒಯ್ದರೆ ಎರಡನೆಯದು ಬದುಕಿತ್ತು, ಮೂರನೆಯದು ಸತ್ತಿತ್ತು. ಅದನ್ನೂ ಸರಿಮಾಡಿಸಿ ತಂದರೆ ಅದರ ಮುಂದಿನ ವಾರ ನಾಲ್ಕನೆಯದು. ಮಹದೇವ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, ಎಂಜಿನ್ನಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಒಳ್ಗೆ ಓಡಾಡ್ತಾ ಅದೆ ಸಾ" ಎಂದ ಮೆಲ್ಲಗೆ. "ಇದು ನನ್ ಕೆಲ್ಸ ಅಲ್ಲ ಕನಾ ಸಾ."

ಹನೂರಿಗೆ ಹಿಂದಿರುಗುವ ದಾರಿಯಲ್ಲಿ ನಾನು ಒಬ್ಬನೇ ಇದ್ದೆ. ಮಧ್ಯಾಹ್ನದ ಬಿಸಿಲಿತ್ತು, ಜೀಪು ಒಂದು ಸಲವೂ ಕೆಮ್ಮಲಿಲ್ಲ. ಕೆಮ್ಮದಿದ್ದುದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಪಕ್ಕದ ಸೀಟಿನಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಎನ್ನಿಸಿ, ಆ ಕಡೆಗೆ ಕಣ್ಣು ಹೊರಳಿಸದೆ ಕಾಮಗೆರೆ ದಾಟಿದೆ. ಒಂದು ಲೆಕ್ಕಾಚಾರವೂ ತಲೆಯಲ್ಲಿ ನಡೆಯುತ್ತಿತ್ತು. ಮಧ್ಯಾಹ್ನ ಕೆಮ್ಮು ಕಡಿಮೆ. ಮಂಜು, ಸೋನೆ ಇದ್ದ ಬೆಳಗ್ಗೆ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಸೋಮವಾರ ಎಂದು ನನಗೆ ಅನ್ನಿಸಿತು. ಮಾದಪ್ಪನ ವಾರ. ಹರಕೆ ಬಾಕಿ ಇರುವ ಸೋಮವಾರ. ಇಷ್ಟಾದ ಮೇಲೆ ವಿಜ್ಞಾನದ ಮೇಷ್ಟ್ರು ಏನು ಮಾಡಿದ ಎಂದು ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

ನಾನು ಪ್ರತಿ ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ಹೆಂಡತಿ ಅಡುಗೆಮನೆಯಲ್ಲಿರುವ ಸಮಯ ನೋಡಿ, ದೇವರ ಮನೆಯಿಂದ ವಿಭೂತಿ ಗಟ್ಟಿ ಕದ್ದೊಯ್ದು, ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಡೆಲ್ಕೋ ಕ್ಯಾಪಿಗೆ ಹಚ್ಚತೊಡಗಿದೆ. ಮಾವನವರ ಎರಡು ಗೆರೆಯ ಮೇಲೆಯೇ. ಹಚ್ಚುವಾಗ ಮನಸ್ಸಿನಲ್ಲಿ ತಪ್ಪಾಯಿತು ಮಾವ ಎನ್ನುತ್ತಿದ್ದೆ. ಯಾವ ತಪ್ಪು ಎಂದು ಬಿಡಿಸಿ ಹೇಳುತ್ತಿರಲಿಲ್ಲ, ಸ್ಕೂಲಿಗೆ ಹೊತ್ತಾಗುತ್ತಿತ್ತು. ಹಚ್ಚಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜೋರಾಗಿ ಕೆಮ್ಮುತ್ತಿತ್ತು. ಸಾಲದು ಎಂದುಕೊಂಡು ಮರುವಾರ ಇನ್ನಷ್ಟು ದಪ್ಪಗೆ ಹಚ್ಚುತ್ತಿದ್ದೆ. ಆಯುಧಪೂಜೆಯ ದಿನವಂತೂ ಆ ಕ್ಯಾಪು ಸುಣ್ಣ ಬಳಿದ ಗೋಪುರದ ಹಾಗಾಯಿತು. ಅದರ ಮಾರನೆಯ ಬೆಳಗ್ಗೆ ಜೀಪು ಕೆಮ್ಮಲೂ ಆಗದೆ ಬರೀ ಏದುಸಿರು ಬಿಟ್ಟಿತು. ಮಾವನವರ ಕೊನೆಯ ದಿನಗಳ ಉಸಿರು ಹಾಗೆಯೇ ಇತ್ತು. ನಾನು ಕೀಲಿ ತಿರುಗಿಸಿ ನಿಲ್ಲಿಸಿದೆ.

ಅತ್ತೆ ಮಾತ್ರ ಹೆದರಲಿಲ್ಲ. ದಿನಾ ಬೆಳಗ್ಗೆ ನಾನು ಜೀಪು ತೆಗೆಯುವ ಹೊತ್ತಿಗೆ ಕಾಫಿ ಲೋಟ ಹಿಡಿದು ಹುಳು ಮನೆಯ ಹೊಸ್ತಿಲಿಗೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕೋಣೆ ಬಿಟ್ಟು ಹೊರಗೆ ಬರದಿದ್ದವರು. ಕೆಮ್ಮು ಕೇಳಿದರೆ ಇವತ್ತು ಕಫ ಜಾಸ್ತಿ ಅದೆ ಎನ್ನುತ್ತಿದ್ದರು. ಒಂದು ದಿನ ಊಟಕ್ಕೆ ತಮಗೊಂದು, ಮಾವನವರಿಗೊಂದು ಎಂದು ಎರಡು ತಟ್ಟೆ ಹಾಕಲು ಹೋದರಂತೆ. ಮಂಗಳ ನನ್ನನ್ನು ಹಿತ್ತಿಲಿಗೆ ಕರೆದು, ಮೊದಲು ಆ ಗಾಡಿ ಸರಿ ಮಾಡಿಸಿ, ಇಲ್ಲದಿದ್ದರೆ ಅವ್ವ ನಮ್ಮ ಕೈ ಬಿಟ್ಟುಹೋಗುತ್ತಾಳೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತಂದೆ ಹೋದಾಗಲೂ ಅವಳು ನನ್ನೆದುರು ಅತ್ತವಳಲ್ಲ. ಬೆಟ್ಟಕ್ಕೆ ಹೋಗುವ ಸೋಮವಾರಕ್ಕೆ ಆರು ದಿನ ಉಳಿದಿತ್ತು. ತಾಳಬೆಟ್ಟದಿಂದ ಮೇಲಿನ ತಿರುವುಗಳನ್ನು ಮೂರು ಸಿಲಿಂಡರಿನಲ್ಲಿ ಹತ್ತುವುದು ಸಾಧ್ಯವಿಲ್ಲ. ನಡುವೆ ನಿಂತು ಹಿಂದಕ್ಕೆ ಜಾರಿದರೆ ಮಾವನವರ ತಟ್ಟೆಯ ಜೊತೆಗೆ ನಮ್ಮ ಮೂವರ ತಟ್ಟೆಯೂ ಸತ್ತವರ ಲೆಕ್ಕಕ್ಕೆ ಸೇರುತ್ತದೆ.

ಮಾರ್ಟಳ್ಳಿಯಲ್ಲಿ ಅಂತೋಣಿ ಎಂಬವರಿದ್ದಾರೆ ಎಂದು ಸ್ಕೂಲಿನಲ್ಲಿ ಯಾರೋ ಹೇಳಿದರು. ಮಿಲಿಟರಿಯಲ್ಲೇ ಗಾಡಿ ರಿಪೇರಿ ಮಾಡಿ ಪೆನ್ಷನ್ ತೆಗೆದುಕೊಂಡು ಊರಿಗೆ ಬಂದವರು. ಫೋನು ಮಾಡಿದ್ದಕ್ಕೆ ಮರುದಿನವೇ ಬಸ್ಸು ಹತ್ತಿ ಬಂದರು. ಬಿಳಿ ಮೀಸೆ, ಮಡಿಕೆ ಕೆಡದ ಶರ್ಟು, ಕೈಯಲ್ಲಿ ಒಂದೇ ಒಂದು ಸ್ಕ್ರೂಡ್ರೈವರು. ಅವರ ಮನೆಮಾತು ತಮಿಳು. ಕನ್ನಡವನ್ನು ಒಂದೊಂದೇ ಪದ ಎಣಿಸಿ ಇಡುವಂತೆ ಆಡುತ್ತಾರೆ. ನಾನು ಕೆಮ್ಮು, ಸೋಮವಾರ, ಓಡಾಡುವ ಸಾವು ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿದಾಗ ಕೆಮ್ಮುವ ವಿಷಯವನ್ನೂ ಹೇಳಿದೆ. ಅವರು ನಗಲಿಲ್ಲ. ಬಾನೆಟ್ಟು ಎತ್ತಿ ಕ್ಯಾಪನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಳು ಮನೆಯ ಬಾಗಿಲು ಮುಚ್ಚಲು ಹೇಳಿದರು. ನಡುಮಧ್ಯಾಹ್ನ, ಹೊರಗೆ ಸುಡುಬಿಸಿಲು; ಬಾಗಿಲು ಮುಚ್ಚಿದ್ದೇ ಒಳಗೆ ಕೈ ಕಾಣದ ಕತ್ತಲು. ಹುಳುಗಳಿದ್ದ ಕಾಲದ ಹಳೆಯ ಸೊಪ್ಪಿನ ವಾಸನೆ ಎಲ್ಲಿಂದಲೋ ಎದ್ದು ಬಂತು. ಅವರು ಬೊಗಸೆಯಲ್ಲಿ ನೀರು ತೆಗೆದುಕೊಂಡು ಎಂಜಿನ್ನಿನ ಮೇಲೆ ಚಿಮುಕಿಸಿದ ಸದ್ದು ಕೇಳಿಸಿತು. ಸ್ಟಾರ್ಟ್ ಮಾಡಿ ಸಾರ್ ಎಂದರು. ಮಾಡಿದೆ. ಜೀಪು ಕೆಮ್ಮತೊಡಗಿತು. ಈಚೆ ಬಂದು ನೋಡಿ ಎಂದರು. ಹೋಗಿ ನೋಡಿದೆ.

ಕತ್ತಲಲ್ಲಿ ಒಂದು ಹಣೆ ಉರಿಯುತ್ತಿತ್ತು. ನೀಲಿ ಬೆಳಕು, ದಾರದಷ್ಟು ತೆಳ್ಳಗೆ, ಗೆರೆಗಳ ಉದ್ದಕ್ಕೂ ಹರಿದು ಆರುತ್ತಿತ್ತು, ಮತ್ತೆ ಹರಿಯುತ್ತಿತ್ತು. ಮೇಲೊಂದು, ಕೆಳಗೊಂದು. ನಡುವಿನದು ಹೊತ್ತಿದರೂ ಬೇಗ ಆರಿಹೋಗುತ್ತಿತ್ತು. ಪ್ರತಿ ಸಲ ಬೆಳಕು ಹರಿದಾಗ ಒಂದು ಕೆಮ್ಮು. ನಾನು ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಕೈಚಾಚಿದಾಗ ಸಿಕ್ಕಿದ್ದು ಅಂತೋಣಿಯವರ ತೋಳು. ಅವರು ಅದನ್ನು ಬಿಡಿಸಿಕೊಳ್ಳದೆ, ಸಮಾಧಾನವಾಗಿ ವಿವರಿಸಿದರು. ಬೂದಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಅದು ಗಾಳಿಯ ತೇವ ಎಳೆಯುತ್ತದೆ. ತೇವವಾದ ಬೂದಿಯ ಮೇಲೆ ಕರೆಂಟು ನಡೆದುಹೋಗುತ್ತದೆ. ಒಂದು ಪ್ಲಗ್ಗಿಗೆ ಹೋಗಬೇಕಾದ ಕಿಡಿ ಗೆರೆ ಹಿಡಿದು ಇನ್ನೊಂದರ ಕಡೆ ಹೋಗುತ್ತದೆ. ತೇವ ಏರಿಳಿದಂತೆ ದಾರಿ ಬದಲಾಗುತ್ತದೆ, ಇವತ್ತು ಎರಡನೆಯದು, ನಾಳೆ ಮೂರನೆಯದು; ಮೇಲೆ ಹೊಸದಾಗಿ ಹಚ್ಚಿದಷ್ಟೂ ದಾರಿ ಅಗಲವಾಗುತ್ತದೆ. ಇದನ್ನು ನಾನು ಇಪ್ಪತ್ತು ವರ್ಷದಿಂದ ಎಂಟನೇ ಕ್ಲಾಸಿಗೆ ಪಾಠ ಮಾಡಿದ್ದೇನೆ. ನೀರಿಗೆ ಉಪ್ಪು ಹಾಕಿ ಬಲ್ಬು ಉರಿಸಿ ತೋರಿಸಿದ್ದೇನೆ. ಸೋಮವಾರಗಳಲ್ಲಿ ಜೀಪಿನೊಳಗೆ ಓಡಾಡುತ್ತಿದ್ದುದು ನನ್ನ ಹೆದರಿಕೆಯೇ. ನಾನು ತೇಯ್ದು ತೇಯ್ದು ಅದಕ್ಕೆ ದಾರಿ ಬಳಿದುಕೊಡುತ್ತಿದ್ದೆ.

ಒರೆಸಿಬಿಡಿ ಎಂದು ಅವರಿಗೆ ಬಟ್ಟೆ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಇದು ಸಾಮಿದು ಸಾರ್. ನಾನು ಕೈ ಹಾಕೂಡದು" ಎಂದರು. "ನೀವು ಇಟ್ಟದ್ದು, ನೀವೇ ತೆಗೀಬೇಕು."

ಬಾಗಿಲು ತೆಗೆದು, ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದೆ. ನನ್ನ ಮೂರು ಗೆರೆ ಸುಲಭವಾಗಿ ಬಂದವು, ಹಿಟ್ಟು ಬಿಟ್ಟಂತೆ. ಕೆಳಗೆ ಮಾವನವರ ಎರಡು ಗೆರೆ ಗಟ್ಟಿಯಾಗಿ ಅಂಟಿದ್ದವು. ಎಂಜಿನ್ನಿನ ಶಾಖಕ್ಕೆ ಬೆಂದು, ಬೆರಳಿನ ರೇಖೆಗಳು ಕೂಡ ಅದರಲ್ಲಿ ಉಳಿದಿದ್ದವು. ಇದು ಬಿಡಬಹುದೇ ಎಂದು ಅಂತೋಣಿಯವರ ಮುಖ ನೋಡಿದೆ. ಉಗುರಿನಿಂದ ಕೆರೆದು ತೆಗೆದೆ. ತಿರುಗಿ ನೋಡಿದರೆ ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು.

"ಅವ್ರ ಕೈನೂ ಒರಸ್ಬುಟ್ರಾ?" ಎಂದರು, ಅಷ್ಟೇ.

ಅಂತೋಣಿಯವರು ಕ್ಯಾಪು ಒಣಗಿಸಿ ಕೂರಿಸಿದರು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಓಡಿತು. ನಾನು ಅಂತೋಣಿಯವರಿಗೆ ಕೇಳಿಸುವಂತೆ, ಬೇಕೆಂದೇ ಸುಳ್ಳಾಗಿ, ನಿನ್ನೆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂದೆ. ಕೆಮ್ಮಲಿಲ್ಲ.

ಸೋಮವಾರ ಅತ್ತೆಯನ್ನು ಮುಂದಿನ ಸೀಟಿನಲ್ಲಿ, ಮಂಗಳಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕೌದಳ್ಳಿ ದಾಟುವಾಗ ಮಂಜು ಇತ್ತು. ತಾಳಬೆಟ್ಟದಲ್ಲಿ ಇಳಿದು ಕರ್ಪೂರ ಹಚ್ಚಿದೆವು. ತಿರುವಿನ ಮೇಲೆ ತಿರುವು, ಜೀಪು ಒಮ್ಮೆಯೂ ತಪ್ಪಲಿಲ್ಲ. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಅತ್ತೆ ಮಾತ್ರ ಪ್ರತಿ ತಿರುವಿನಲ್ಲೂ ಬಾನೆಟ್ಟಿನ ಕಡೆ ಕಿವಿ ಕೊಟ್ಟು ಕಾಯುತ್ತಿದ್ದರು. ಕೊನೆಯ ತಿರುವು ಮುಗಿದು ಮೇಲೆ ಬಂದಾಗ ಕಿವಿ ಹಿಂದಕ್ಕೆ ತೆಗೆದುಕೊಂಡು ಸೀಟಿಗೆ ಒರಗಿದರು.

"ಇವತ್ತು ನಾನೊಬ್ಳೇ ಬಂದೆ ಕಣಪ್ಪ" ಎಂದರು.

ದೇವರಿಗೆ ಕೈ ಮುಗಿದೆವು, ಹರಕೆ ತೀರಿತು, ಮನೆಗೆ ಬಂದೆವು. ಸರಿ ಮಾಡಿಸಿ ಎಂದದ್ದಕ್ಕೆ ಸರಿ ಮಾಡಿಸಿದೆ. ಮಂಗಳಳೂ ಹಾಗೆಯೇ ಹೇಳಿ ನನ್ನ ಬೆನ್ನು ಸವರಿದಳು. ಆದರೆ ಮಾರನೆಯ ಬೆಳಗ್ಗೆಯಿಂದ ಅತ್ತೆ ಹೊಸ್ತಿಲಿಗೆ ಬರಲಿಲ್ಲ. ಕಾಫಿಯನ್ನು ಕೋಣೆಗೇ ತರಿಸಿಕೊಂಡು ಅರ್ಧ ಬಿಟ್ಟರು. ಎರಡು ತಟ್ಟೆಯ ಮಾತಿರಲಿ, ಒಂದು ತಟ್ಟೆಯೂ ಹಾಗೆಯೇ ಉಳಿಯತೊಡಗಿತು. ಹುಳು ಮನೆಗೆ ನಾನು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಇನ್ನೊಮ್ಮೆ ವಿಭೂತಿ ಹಿಡಿದು ಒಳಗೆ ಹೋಗುವ ಆಸೆ ನನಗೇ ಬರದಿರಲಿ ಎಂದು. ಎರಡು ವಾರ ಜೀಪು ಕೆಮ್ಮಲಿಲ್ಲ.

ಮೂರನೆಯ ಸೋಮವಾರ ಎದ್ದಾಗ ಅಂಗಳದ ತೆಂಗಿನ ಮರ ಕಾಣದಷ್ಟು ಮಂಜು. ಬೀಗ ತೆಗೆದು, ಜೀಪು ಹತ್ತಿ, ಕೀಲಿ ತಿರುಗಿಸಿದೆ. ಗಿಡ್ಡದಾಗಿ ಎರಡು, ಒಂಚೂರು ಬಿಡುವು, ಆಮೇಲೆ ಉದ್ದನೆಯದೊಂದು. ನಾನು ಆ ಹೊತ್ತಿನಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ, ಸುಳ್ಳನ್ನಂತೂ ಹೇಳಿರಲಿಲ್ಲ. ಇಳಿದು ಹೋಗಿ ಬಾನೆಟ್ಟು ಎತ್ತಿದೆ. ಕರಿಯ ಕ್ಯಾಪಿನ ಮೇಲೆ ಬೆಳ್ಳಗೆ, ಇನ್ನೂ ಹಸಿಯಾಗಿ, ಎರಡು ಗೆರೆ. ಮೇಲೊಂದು, ಕೆಳಗೊಂದು, ನಡುವೆ ಖಾಲಿ. ತಲೆ ಎತ್ತಿದರೆ ಹೊಸ್ತಿಲಲ್ಲಿ ಅತ್ತೆ ಕೂತಿದ್ದರು, ಕೈಯಲ್ಲಿ ಕಾಫಿ ಲೋಟ. ಅವರ ಬೆರಳುಗಳನ್ನು ನೋಡಿದೆ. ವಿಭೂತಿ ಇತ್ತು. ಆದರೆ ದಿನಾ ಬೆಳಗ್ಗೆ ಮಿಂದು ಹಣೆಗೆ ಹಚ್ಚಿಕೊಳ್ಳುವವರ ಬೆರಳಿನಲ್ಲಿ ವಿಭೂತಿ ಇಲ್ಲದೆ ಇನ್ನೇನಿರುತ್ತದೆ? ಅತ್ತೆ, ನೀವೇನಾದರೂ ಇಲ್ಲಿಗೆ ಬಂದಿದ್ದಿರಾ ಎಂದು ಕೇಳಿದೆ.

"ನನ್ ಕೈಲಿ ಲೋಟ ಎತ್ತಾದೇ ಕಷ್ಟ. ಆ ಕಬ್ಬುಣ ಎತ್ತಕ್ಕಾದ್ದಾ ಅಳಿಯಂದ್ರೇ?" ಎಂದರು. ಕಾಫಿಯನ್ನು ಪೂರ್ತಿ ಕುಡಿದರು. "ಇವತ್ತು ಕಫ ಕಮ್ಮಿ ಅದೆ."

ಮಂಗಳಳನ್ನು ಕೇಳಿದೆ. ಅಪ್ಪ ಹೋದ ಮೇಲೆ ತಾನು ಹುಳು ಮನೆಯೊಳಗೆ ಕಾಲಿಟ್ಟಿಲ್ಲ ಎಂದಳು. ಬೀಗದ ಕೈ ನನ್ನ ಉಡಿದಾರದಲ್ಲೇ ಇತ್ತು. ರಾತ್ರಿ ಮಲಗುವಾಗಲೂ ಇತ್ತು, ಬೆಳಗ್ಗೆ ಏಳುವಾಗಲೂ ಇತ್ತು. ಮತ್ತೆ ಜೀಪಿನ ಬಳಿಗೆ ಬಂದು, ಜೇಬಿನಿಂದ ಪೆಟ್ರೋಲಿನ ಬಟ್ಟೆ ತೆಗೆದು ಕ್ಯಾಪಿನ ಹತ್ತಿರದವರೆಗೆ ಕೈ ಒಯ್ದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲೇ ಇಟ್ಟುಕೊಂಡೆ.

ಈಗ ನಮ್ಮ ಜೀಪು ಬೆಳಗಿನ ಹೊತ್ತು ಮೂರು ಸಿಲಿಂಡರಿನಲ್ಲೇ ಓಡುತ್ತದೆ. ಅತ್ತೆ ಊಟ ಮಾಡುತ್ತಾರೆ. ಎಂಟನೇ ಕ್ಲಾಸಿನಲ್ಲಿ ವಿದ್ಯುದ್ವಾಹಕಗಳ ಪಾಠ ಬಂದಾಗ ಬೂದಿಯ ವಿಷಯವನ್ನು ನಾನು ಬೇಗ ಬೇಗ ದಾಟಿಸಿಬಿಡುತ್ತೇನೆ. ದಾರಿಯಲ್ಲಿ ಜೊತೆಗೆ ಬಂದವರು ಏನು ಮೇಷ್ಟ್ರೇ, ಗಾಡಿ ಹೀಗೆ ಸದ್ದು ಮಾಡುತ್ತದೆ ಎಂದು ಕೇಳಿದರೆ ಕಾರ್ಬ್ಯುರೇಟರಿನದು ಸ್ವಲ್ಪ ತೊಂದರೆ ಎನ್ನುತ್ತೇನೆ. ಹಾಗೆ ಹೇಳಿದಾಗಲೆಲ್ಲ ಅದು ಕೆಮ್ಮುತ್ತದೆ.